ಸೂರ್ಯನಿಗೆ ಒಪ್ಪಿಸಿದ ಅಡುಗೆ

ನಾನು ಪಕ್ಷಿವೀಕ್ಷಕ. ಈ ಮಾತನ್ನು ನಾನೇ ಹೇಳಿಕೊಳ್ಳಬೇಕು, ಏಕೆಂದರೆ ರಾಯಚೂರಿನಲ್ಲಿ ಬೇರೆ ಯಾರೂ ನನ್ನನ್ನು ಹಾಗೆ ಕರೆಯುತ್ತಿರಲಿಲ್ಲ. ಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು, ಓಣಿಯಲ್ಲಿ ‘ದುರ್ಬೀನ್ ಮಾಸ್ತರ’. ವರ್ಷದ ಕೊನೆಗೆ ಉಳಿದವರು ಹೊಸ ಕ್ಯಾಲೆಂಡರ್ ಹುಡುಕಿಕೊಂಡು ಅಂಗಡಿ ಸುತ್ತಿದರೆ, ನಾನು ಮಾಳಿಗೆ ಹತ್ತಿ ಕುಳಿತು, ಆ ವರ್ಷ ಕಂಡ ಹಕ್ಕಿಗಳನ್ನೆಲ್ಲ ನೆನೆದು, ಜೀವನದ ಬಗ್ಗೆ ಗಂಭೀರವಾಗಿ ಚಿಂತಿಸುತ್ತಿದ್ದೆ. ಚಿಂತನೆ ಅಲ್ಲಿಗೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ!

ಎಂಬತ್ತರ ದಶಕದ ಆರಂಭದ ಮಾತು. ಆ ಸಲ ಚಳಿ ಶುರುವಾದಾಗ ಮಾನ್ವಿ ಹಾದಿಯ ಕೆರೆಯೊಂದರಲ್ಲಿ ಪಟ್ಟೆತಲೆಯ ಹೆಬ್ಬಾತುಗಳನ್ನು ಕಂಡೆ. ಹಿಮಾಲಯವನ್ನು ದಾಟಿ ಬಂದ ಹಕ್ಕಿಗಳು! ಬೆಳಗಿನ ಮಂಜಿನಲ್ಲಿ ಅವು ಒಮ್ಮೆಲೇ ಮೇಲೆದ್ದಾಗ ಕೆರೆಯೇ ರೆಕ್ಕೆ ಬಿಚ್ಚಿ ಹಾರಿದಂತಾಯಿತು. ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಸೈಕಲ್ ಕೆಸರಿಗೆ ಬಿದ್ದದ್ದು ಬಹಳ ಹೊತ್ತಿನ ಮೇಲೆ ಗೊತ್ತಾಯಿತು.

ಮನೆಗೆ ಬಂದವನೇ ಹೆಂಡತಿ ಶರಣಮ್ಮನ ಮುಂದೆ ಘೋಷಿಸಿದೆ.

“ನೋಡು, ಆ ಹಕ್ಕಿ ಅಷ್ಟು ದೂರ ಬರ್ತಾವ. ಒಂದು ಕಟಗಿ ಸುಡಂಗಿಲ್ಲ, ಒಂದು ಹನಿ ಎಣ್ಣಿ ಸುಡಂಗಿಲ್ಲ. ನಾವೂ ಇನ್ನ ಹಂಗ ಬದುಕಬೇಕು.”

“ಅವು ಅನ್ನಾನೂ ಬೇಯಿಸಂಗಿಲ್ರೀ” ಎಂದಳು ಶರಣಮ್ಮ, ರೊಟ್ಟಿ ತಟ್ಟುತ್ತಲೇ.

ಇಂಥ ಸಣ್ಣಪುಟ್ಟ ಆಕ್ಷೇಪಣೆಗಳಿಗೆ ಅಂಜುವವನು ನಾನಲ್ಲ. ಮರುವಾರವೇ ಒಂದು ಸೌರ ಒಲೆ ತಂದೆ. ಕರಿ ಬಣ್ಣದ ಪೆಟ್ಟಿಗೆ, ಮೇಲೆ ಗಾಜು, ಮುಚ್ಚಳದ ಒಳಗೆ ದೊಡ್ಡ ಕನ್ನಡಿ. ಬಿಸಿಲಿಗಿಟ್ಟರೆ ಸಾಕು, ಸೂರ್ಯನೇ ಅಡುಗೆಭಟ್ಟ. ರಾಯಚೂರಿನಲ್ಲಿ ಬಿಸಿಲಿಗೇನು ಬರ? ಮೊದಲು ಶೇಂಗಾ ಬೆಂದಿತು. ಆಮೇಲೆ ಗೆಣಸು, ಅನ್ನ, ಬೇಳೆ ಎಲ್ಲವೂ ಬೆಂದವು. ಒಂದು ಮಧ್ಯಾಹ್ನ ಶರಣಮ್ಮ ಕೂಡ, “ಬೇಳಿ ಚೊಲೊ ಬೆಂದದ ಬಿಡ್ರೀ” ಎಂದಳು. ಅದೇ ನನ್ನ ತಲೆ ಕೆಡಿಸಿತು. ಆ ಸಂಜೆಯೇ ನಮ್ಮ ಸ್ಟೋವನ್ನೂ ಸೀಮೆಎಣ್ಣೆಯ ಡಬ್ಬಿಯನ್ನೂ ಪಕ್ಕದ ಮನೆಯ ಗೌರಮ್ಮನವರಿಗೆ ದಾನ ಮಾಡಿದೆ. ಹಿತ್ತಲಲ್ಲಿದ್ದ ಕಟ್ಟಿಗೆಯೂ ಅವರ ಮನೆ ಸೇರಿತು. ಆ ರಾತ್ರಿ ನಾನು ಹೆಬ್ಬಾತಿನಷ್ಟೇ ಹಗುರಾಗಿ ಮಲಗಿದೆ. ಶರಣಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ವರ್ಷದ ಕೊನೆಯ ಭಾನುವಾರ ನನ್ನ ತಂಗಿ ಲಲಿತಾಳನ್ನು ನೋಡಲು ದೇವದುರ್ಗದಿಂದ ಗಂಡಿನವರು ಬರುವುದಿತ್ತು. ಅಪ್ಪ ಇಲ್ಲದ ಮನೆಗೆ ಹಿರಿಯ ನಾನೇ. ಹುಡುಗ ಚಂದ್ರಶೇಖರ ಮಾನ್ವಿಯ ಶಾಲೆಯಲ್ಲಿ ಮೇಷ್ಟ್ರು. ಲಲಿತಾಳೂ ಅದೇ ಶಾಲೆಯಲ್ಲಿ ಟೀಚರು. ಇಬ್ಬರ ಮನಸ್ಸೂ ಕೂಡಿತ್ತು. ಅವನ ತಂದೆ ಶಂಕರಪ್ಪನವರು ಒಪ್ಪುವುದೊಂದೇ ಬಾಕಿ. ಅವರು ದೊಡ್ಡ ಜೋಳದ ಹೊಲದವರು, ಮಾತು ಕಡಿಮೆ, ಶಿಸ್ತು ಜಾಸ್ತಿ.

“ಅಣ್ಣಾ, ಇವತ್ತೊಂದಿನ ಸ್ಟೋ ಇಸಗೊಂಡು ಬಾರೋ” ಎಂದು ಲಲಿತಾ ಬೇಡಿಕೊಂಡಳು.

“ಬೀಗರಿಗೆ ಹೊಸ ಯುಗ ತೋರ್ಸೋಣು, ಸುಮ್ನಿರು” ಎಂದೆ. ಬೆಳಿಗ್ಗೆಯೇ ಪಾತ್ರೆಗಳನ್ನು ತುಂಬಿ ಮಾಳಿಗೆಯ ಮೇಲಿನ ಪೆಟ್ಟಿಗೆಯಲ್ಲಿಟ್ಟು, ಕನ್ನಡಿಯನ್ನು ಸೂರ್ಯನತ್ತ ತಿರುಗಿಸಿ, ಕೈ ಮುಗಿದು ಇಳಿದೆ.

ಸ್ವಲ್ಪ ಹೊತ್ತಿಗೆ ಮೇಲಿಂದ ಟಕ್ ಟಕ್ ಸದ್ದು. ಹತ್ತಿ ನೋಡಿದರೆ ಒಂದು ಗಂಡು ಗುಬ್ಬಿ ಕನ್ನಡಿಯೊಂದಿಗೆ ಯುದ್ಧ ನಡೆಸಿತ್ತು! ತನ್ನದೇ ಬಿಂಬವನ್ನು ವೈರಿ ಎಂದು ತಿಳಿದು, ಹಾರಿ ಹಾರಿ ಕುಕ್ಕುತ್ತಿತ್ತು. ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದ ಜೀವ. ಅದರ ಧೈರ್ಯವೇ ಧೈರ್ಯ. ಓಡಿಸಿದೆ, ಮತ್ತೆ ಬಂತು. ಮತ್ತೆ ಓಡಿಸಿದೆ, ಮತ್ತೆ ಬಂತು. ಕೊಕ್ಕು ಮುರಿದುಕೊಂಡರೆ ಗತಿಯೇನು? ಪಕ್ಷಿಪ್ರೇಮಿಯಾದವನು ಏನು ಮಾಡಬೇಕೋ ಅದನ್ನೇ ಮಾಡಿದೆ. ಹಗ್ಗದ ಮೇಲೆ ಒಣಗುತ್ತಿದ್ದ ಶರಣಮ್ಮನ ಸೀರೆಯನ್ನು ತಂದು ಕನ್ನಡಿಗೆ ಹೊದಿಸಿದೆ. ಗುಬ್ಬಿ ಗೆದ್ದ ಠೀವಿಯಲ್ಲಿ ಗೋಡೆಯ ಮೇಲೆ ಕುಳಿತಿತು. ಸೀರೆಯ ಅರ್ಧ ಸೆರಗು ಗಾಜಿನ ಮೇಲೆ ಹರಡಿಕೊಂಡದ್ದನ್ನು ನಾನು ಗಮನಿಸಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಅಪ್ಪ ಮಗ ಬಂದರು. ಶಂಕರಪ್ಪನವರ ತಲೆಯ ಮೇಲೆ ಹಾಲಿನಂಥ ಬಿಳಿ ರುಮಾಲು. ಮಜ್ಜಿಗೆ ಕೊಟ್ಟೆವು. ಕುಶಲ ಮಾತಾಡಿದೆವು. ಮಳೆ, ಬೆಳೆ, ಹತ್ತಿಯ ಹುಳ ಎಲ್ಲವೂ ಮುಗಿದವು. ಮತ್ತೊಮ್ಮೆ ಮಜ್ಜಿಗೆ ಕೊಟ್ಟೆವು. ಶಂಕರಪ್ಪನವರು ಅಡುಗೆಮನೆಯ ಕಡೆ ನೋಡಿದರು. ಅಲ್ಲಿಂದ ಹೊಗೆಯಿಲ್ಲ, ವಾಸನೆಯಿಲ್ಲ, ಒಗ್ಗರಣೆಯ ಸದ್ದಿಲ್ಲ.

“ಅಡಿಗಿ ಎಲ್ಲಿ ಮಾಡಾಕತ್ತೀರಿ?” ಎಂದರು ಕೊನೆಗೆ.

“ಮ್ಯಾಲೆ ಮಾಡಾಕತ್ತಾನ್ರೀ, ಸೂರ್ಯ” ಎಂದೆ ಹೆಮ್ಮೆಯಿಂದ. “ಬರ್ರಿ, ತೋರಿಸ್ತೀನಿ.”

ಎಲ್ಲರನ್ನೂ ಮಾಳಿಗೆಗೆ ಕರೆದೊಯ್ದು, ನಾಟಕದ ಪರದೆ ಸರಿಸುವಂತೆ ಸೀರೆ ಸರಿಸಿ, ಗಾಜು ಎತ್ತಿ, ಪಾತ್ರೆಗಳ ಮುಚ್ಚಳ ತೆಗೆದೆ. ಬೇಳೆ ಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡುತ್ತಿತ್ತು. ಅಕ್ಕಿ ಅಕ್ಕಿಯಾಗಿಯೇ ಇತ್ತು!

“ಇದು ನನ್ನ ಸೀರಿ ಅಲ್ಲೇನ್ರೀ?” ಎಂದಳು ಶರಣಮ್ಮ. ಆ ದನಿ ನನಗೆ ಮಾತ್ರ ಅರ್ಥವಾಯಿತು. ಲಲಿತಾ ಕಣ್ಣು ತುಂಬಿಕೊಂಡು ಕೆಳಗಿಳಿದಳು. ಅದನ್ನು ನೋಡಿದಾಗ ಮಾತ್ರ ನನ್ನ ಹೊಸ ಯುಗ ನಿಜವಾಗಿಯೂ ಅಲುಗಾಡಿತು.

ಶರಣಮ್ಮ ಗೌರಮ್ಮನವರ ಮನೆಗೆ ಓಡಿದಳು. ಗೌರಮ್ಮನವರು ಮನೆಯಲ್ಲಿದ್ದ ಬಿಸಿರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯನ್ನು ಹೊತ್ತುಕೊಂಡು ತಾವೇ ಬಂದರು. ಬಡಿಸುತ್ತಲೇ ಬೀಗರ ಮುಂದೆ ಕೇಳಿದರು: “ನಿಮ್ಮ ಸ್ಟೋ ಮ್ಯಾಲೇ ಮಾಡೀನಿ ಮಾಸ್ತರ. ಭಾಳ ಚೊಲೊ ಉರೀತದ. ಯಾಕ ಕೊಟ್ರಿ?”

ನಾನು ರೊಟ್ಟಿಯನ್ನು ಬಹಳ ಶ್ರದ್ಧೆಯಿಂದ ಮುರಿದೆ.

ಊಟವಾಯಿತು. ಒಪ್ಪಿಗೆಯ ಮಾತು ಬರಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು. ಗಾಳಿಗೆ ಕೂರೋಣವೆಂದು ಎಲ್ಲರೂ ಮತ್ತೆ ಮಾಳಿಗೆ ಹತ್ತಿದೆವು. ಆಗ ಊರಾಚೆಯ ಜೋಳದ ಹೊಲಗಳ ಕಡೆಯಿಂದ ಹೊಗೆಯಂಥದ್ದೊಂದು ಎದ್ದಿತು. ಹೊಗೆಯಲ್ಲ, ಹಕ್ಕಿಗಳು! ಗುಲಾಬಿ ಮೈ, ಕಪ್ಪು ತಲೆಯ ಕಬ್ಬಕ್ಕಿಗಳು, ಲೆಕ್ಕಕ್ಕೆ ಸಿಗದಷ್ಟು. ಹಿಂಡು ಒಮ್ಮೆ ಕೊಡದಂತೆ ದುಂಡಗಾಯಿತು, ಒಮ್ಮೆ ಸೆರಗಿನಂತೆ ಬಿಚ್ಚಿಕೊಂಡಿತು. ತಿರುಗಿದಾಗ ಕಪ್ಪಾಯಿತು, ಮತ್ತೆ ತಿರುಗಿದಾಗ ಸಂಜೆಯ ಬಿಸಿಲಿಗೆ ಗುಲಾಬಿಯಾಯಿತು. ಇಷ್ಟು ಹಕ್ಕಿಗಳಲ್ಲಿ ಒಂದಕ್ಕೊಂದು ತಾಗಲಿಲ್ಲ. ನಮ್ಮ ತಲೆಯ ಮೇಲೆ ಹಾಯುವಾಗ ರೆಕ್ಕೆಗಳ ಸದ್ದು ದೂರದ ಮಳೆಯಂತೆ ಕೇಳಿತು.

ದುರ್ಬೀನು ನನ್ನ ಕೊರಳಲ್ಲೇ ಇತ್ತು. ಕಣ್ಣಿಗೆ ಹಿಡಿಯುವುದು ನೆನಪೇ ಆಗಲಿಲ್ಲ. ಲಲಿತಾ ಯಾವಾಗಲೋ ಬಂದು ಚಂದ್ರಶೇಖರನ ಪಕ್ಕದಲ್ಲೇ ನಿಂತಿದ್ದಳು. ಅದು ಅವರಿಬ್ಬರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

“ಹುಟ್ಟಿದಾಗಿಂದ ಇವನ್ನ ಹೊಲದಾಗ ಬೈಕೋತ ಓಡಿಸೀನಿ” ಎಂದರು ಶಂಕರಪ್ಪನವರು ಮೆಲ್ಲಗೆ. “ಹಿಂಗ ನಿಂತು ಒಂದಿನಾನೂ ನೋಡಿದ್ದಿಲ್ಲ.”

ಆಗಲೇ ಅವರ ಬಿಳಿ ರುಮಾಲಿನ ಮೇಲೆ ಪಚಕ್ಕನೆ ಏನೋ ಬಿತ್ತು. ಮತ್ತೊಂದು ಬಿತ್ತು. ಆಮೇಲೆ ಧಾರಾಳವಾಗಿ ಬಿತ್ತು!

ಶಂಕರಪ್ಪನವರು ರುಮಾಲು ತೆಗೆದು ನನ್ನ ಮುಂದೆ ಹಿಡಿದರು.

“ಮಾಸ್ತರ, ಇದನ್ನ ನೋಡಿ ಯಾವ ಹಕ್ಕಿ ಅಂತ ಹೇಳಾಕ ಬರ್ತದೇನು?”

ನಾನು ಬಗ್ಗಿ ಪರೀಕ್ಷಿಸಿ, ವಿನಯದಿಂದ ಉತ್ತರಿಸಿಯೂಬಿಟ್ಟೆ: “ಜ್ವಾಳ ತಿಂದದ್ದು ಕಾಣ್ತದ್ರೀ. ಕಬ್ಬಕ್ಕೀನ.”

ಮೊದಲು ಲಲಿತಾ ನಕ್ಕಳು. ತಡೆಯಲಾಗದೆ ಚಂದ್ರಶೇಖರ ನಕ್ಕ. ಶಂಕರಪ್ಪನವರು ಆ ಇಬ್ಬರನ್ನೂ ಒಂದು ಕ್ಷಣ ನೋಡಿದರು. ನೋಡುತ್ತ ನೋಡುತ್ತ ಅವರ ಮೀಸೆಯೂ ಅದುರಿತು.

“ಜ್ವಾಳ ನಂದ ಇರಬೇಕು” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಂತರ ಶರಣಮ್ಮನ ಕಡೆ ತಿರುಗಿ, “ಯವ್ವಾ, ಹುಡುಗಿ ನಮಗ ಒಪ್ಪಿಗಿ. ಮದುವಿ ಅಡಿಗಿ ಹತ್ರ ಮಾತ್ರ ನಿಮ್ಮ ಯಜಮಾನ್ರನ್ನ ಬಿಡಬ್ಯಾಡ್ರಿ” ಎಂದರು.

ಶರಣಮ್ಮ ಆ ಮಾತನ್ನು ಅಕ್ಷರಶಃ ಪಾಲಿಸಿದಳು. ಮದುವೆಯ ಸಿದ್ಧತೆಯಲ್ಲಿ ನನಗೆ ವಹಿಸಿದ ಕೆಲಸ ಒಂದೇ. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದರು. ಕೈಗೊಂದು ಕೋಲು ಕೊಟ್ಟು ಹಕ್ಕಿ ಕಾಯಲು ಕೂರಿಸಿದರು. ಒಂದು ಮೈನಾ ಬಂದು ಕುಳಿತಿತು. ಹಳದಿ ಕಾಲು, ಹಳದಿ ಕಣ್ಣಂಚು, ಏನು ನಡಿಗೆ! ಉಸಿರು ಬಿಗಿಹಿಡಿದು ನೋಡುತ್ತ ಕುಳಿತೆ. ಅದು ಹೋಗಿ ತನ್ನ ಬಳಗವನ್ನೂ ಕರೆತಂದಿತು.

ಲಲಿತಾಳ ಮದುವೆಯ ಊಟದಲ್ಲಿ ಸಂಡಿಗೆ ಇರಲಿಲ್ಲ.