ಮಲ್ಲೇಶ ಗುರುತಿಸಿದ ಮೂಳೆ

ತಪ್ಪು ಕಂಡರೆ ತಿದ್ದದೆ ಬಿಡಲಾರದ ಕಾಯಿಲೆಯೊಂದು ಮಲ್ಲೇಶನಿಗಿತ್ತು. ಶಿವಮೊಗ್ಗದ ಖಾಸಗಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ಅವನು ಹೋಟೆಲಿನ ಬೋರ್ಡನ್ನೂ ತಿದ್ದುತ್ತಿದ್ದ, ಬಸ್ ಕಂಡಕ್ಟರನ ಲೆಕ್ಕವನ್ನೂ ತಿದ್ದುತ್ತಿದ್ದ. ಹಿಂದೊಮ್ಮೆ ಹೆಣ್ಣು ನೋಡಲು ಹೋದಾಗ ಹುಡುಗಿ ಹಾಡಿದ ವಚನದಲ್ಲಿ ಒಂದು ಸಾಲು ಬಿಟ್ಟುಹೋಯಿತೆಂದು ಅಲ್ಲೇ ಹೇಳಿ, ಕಾಫಿ ಬರುವ ಮುಂಚೆಯೇ ಎದ್ದು ಬರಬೇಕಾಗಿತ್ತು. ವಯಸ್ಸು ಮೂವತ್ತು ದಾಟಿ ಕೂದಲು ಹಿಂದೆ ಸರಿಯುತ್ತಿದ್ದರೂ ಮದುವೆ ಕೂಡಿಬರದಿರಲು ಇದೇ ಕಾರಣವೆಂದು ಅವನ ಸೋದರಮಾವ ಏಕಾಂತಪ್ಪ ನೆಂಟರಿಷ್ಟರಿಗೆಲ್ಲ ಸಾರಿಕೊಂಡು ಬಂದಿದ್ದರು.

ಅಂಥ ಏಕಾಂತಪ್ಪನವರೇ ಓಡಾಡಿ ಭದ್ರಾವತಿಯ ಸಂಬಂಧವೊಂದನ್ನು ತಂದಿದ್ದರು. ಹುಡುಗಿಯ ಹೆಸರು ಸ್ಫೂರ್ತಿ. ಫೋಟೋ ನೋಡಿದ ದಿನದಿಂದ ಮಲ್ಲೇಶನಿಗೆ ನಿದ್ದೆ ಸರಿಯಾಗಿ ಹತ್ತಿರಲಿಲ್ಲ. ಈ ಸಲ ಬಾಯಿಗೆ ಬೀಗ ಹಾಕಿಕೊಂಡಾದರೂ ಈ ಹುಡುಗಿಯನ್ನೇ ಮದುವೆಯಾಗಬೇಕೆಂದು ಅವನು ನಿಶ್ಚಯಿಸಿದ್ದ.

ಹೊರಡುವ ಭಾನುವಾರ ಬೆಳಿಗ್ಗೆ ಬಯೋಡೇಟಾ ಪ್ರಿಂಟ್ ತೆಗೆಸಲು ವಿನೋಬನಗರದ ಹಾಲೇಶನ ಸೈಬರ್ ಸೆಂಟರಿಗೆ ಹೋದ. ಇಂಟರ್‌ನೆಟ್ಟಿನಲ್ಲಿ ಹಳೇ ಸಾಮಾನು ಮಾರುವ ಗೀಳು ಶಿವಮೊಗ್ಗಕ್ಕೆ ಆಗತಾನೆ ಹತ್ತಿತ್ತು. ಪ್ರಿಂಟರು ಹಟ ಹಿಡಿದು ಕೂತಿದ್ದರಿಂದ, ಹೊತ್ತು ಹೋಗಲೆಂದು ಹಾಲೇಶ ಒಂದು ಜಾಹೀರಾತು ತೋರಿಸಿದ. ‘ಡೈನೋಸಾರ್ ಮೂಳೆ, ಭದ್ರಾವತಿ’ ಎಂದಿತ್ತು. ಕೆಳಗೊಂದು ಮಸುಕು ಮಸುಕಾದ ಫೋಟೋ ಮತ್ತು ಮೊಬೈಲ್ ನಂಬರು.

ಮಲ್ಲೇಶನ ಕೈ ತುರಿಸಿತು. ಮೂಳೆಯ ಪಕ್ಕದಲ್ಲಿ ಒಂದು ತೆಂಗಿನಕಾಯಿ ಕಾಣುತ್ತಿತ್ತು. ಅದರ ಅಳತೆ ಹಿಡಿದು ಲೆಕ್ಕ ಹಾಕಿದರೆ ಮೂಳೆ ಮೂರಡಿಗೆ ಕಡಿಮೆಯಿಲ್ಲ. ಡೈನೋಸಾರ್ ಅಲ್ಲ, ಬದಲಾಗಿ ಆನೆಯ ತೊಡೆಮೂಳೆ. ಇದರಲ್ಲಿ ಅವನಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಜಾಹೀರಾತಿನ ಕೆಳಗೆ ಹಾಗೆಂದೇ ಬರೆದು, ಜನರಿಗೆ ಮೋಸ ಮಾಡಬಾರದೆಂದು ಬುದ್ಧಿಮಾತೂ ಸೇರಿಸಿ, ಕೊನೆಗೆ ತನ್ನ ಹೆಸರು, ಎಂ.ಎಸ್ಸಿ., ಕಾಲೇಜು, ಊರು ಎಲ್ಲವನ್ನೂ ನಮೂದಿಸಿದ. ಮನಸ್ಸು ಹಗುರಾಯಿತು.

ಹಾಲೇಶನ ಮನಸ್ಸು ಮಾತ್ರ ಆನೆ ಮೂಳೆಯ ಸುದ್ದಿಯಿಂದ ಭಾರವಾಯಿತು. ಅವನ ಭಾವ ನಾಗಯ್ಯ ಭದ್ರಾವತಿಯಲ್ಲಿ ಫಾರೆಸ್ಟರು. ದೊಡ್ಡದೊಂದು ಕೇಸು ಸಿಕ್ಕಿ ಪ್ರಮೋಷನ್ ಆಗಲೆಂದು ಕಾದು ಕೂತ ಮನುಷ್ಯ. ಮಲ್ಲೇಶ ಅತ್ತ ಹೋದದ್ದೇ ತಡ, ಹಾಲೇಶ ಭಾವನಿಗೆ ಫೋನ್ ಹಚ್ಚಿದ.

ಭದ್ರಾವತಿಯಲ್ಲಿ ಹುಡುಗಿಯ ತಂದೆ ಗಂಗಾಧರಪ್ಪ ಬಾಗಿಲಿಗೇ ಬಂದು ಕರೆದುಕೊಂಡರು. ಅವರು ಅಡಿಕೆ ಮಂಡಿ ಇಟ್ಟವರು, ಮಾತುಗಾರರು. ಸ್ಫೂರ್ತಿ ತಟ್ಟೆ ಹಿಡಿದು ಬಂದಳು. ಫೋಟೋಗಿಂತ ಚೆನ್ನಾಗಿದ್ದಳು. ಉಪ್ಪಿಟ್ಟಿಗೆ ಉಪ್ಪು ಬಿದ್ದಿರಲಿಲ್ಲ, ಮಲ್ಲೇಶ ಅದನ್ನೂ ತಿದ್ದದೆ ನುಂಗಿಕೊಂಡ. ಏಕಾಂತಪ್ಪನವರ ಮುಖದಲ್ಲಿ ಸಮಾಧಾನ ಮೂಡಿತು.

ಆಗ ಗಂಗಾಧರಪ್ಪ, ಅಳಿಯಂದಿರು ಪ್ರಾಣಿಗಳ ವಿಷಯ ಓದಿದವರು ಎಂದು ಕೇಳಿದ್ದರಿಂದ, ತಮ್ಮ ಹೊಸ ಹವ್ಯಾಸದ ಸುದ್ದಿ ತೆಗೆದರು. ಪಕ್ಕದಲ್ಲಿ ಹೊಸ ಮನೆಗೆ ಪಾಯ ತೋಡುವಾಗ ಡೈನೋಸಾರಿನ ಮೂಳೆ ಸಿಕ್ಕಿದೆಯೆಂದೂ, ಮಗಳಿಂದ ಕಂಪ್ಯೂಟರಿಗೆ ಹಾಕಿಸಿ ಮಾರಾಟಕ್ಕಿಟ್ಟಿದ್ದೇನೆಂದೂ ಹೇಳಿದರು. ಮಲ್ಲೇಶ ಕೇಸರಿಬಾತಿನ ತಟ್ಟೆ ಕೆಳಗಿಟ್ಟ. ಇವತ್ತೊಂದು ದಿನ ಈ ಮನೆಯಲ್ಲಿ ಯಾರೂ ಕಂಪ್ಯೂಟರ್ ಮುಟ್ಟದಿರಲಿ ಎಂದು ಮನೆದೇವರಿಗೆ ಹರಕೆ ಹೊತ್ತ.

ಕಂಪ್ಯೂಟರ್ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಬಾಗಿಲಲ್ಲಿ ಜೀಪು ನಿಂತಿತು. ಜಾಹೀರಾತಿನ ನಂಬರಿನಿಂದ ಮನೆ ಪತ್ತೆ ಹಚ್ಚಿದ ಫಾರೆಸ್ಟರ್ ನಾಗಯ್ಯ ಇಬ್ಬರು ವಾಚರುಗಳನ್ನೂ, ಮೂಳೆ ಹೊರಲು ಹಗ್ಗ ಬಿದಿರುಗಳನ್ನೂ ತಂದಿದ್ದರು. ಅಕ್ಕಪಕ್ಕದ ಮನೆಯವರು ಕಾಂಪೌಂಡಿಗೆ ಬಂದು ಒರಗಿದರು.

“ಆನೆ ಮೂಳೆ ಅಂದ್ರೆ ಸಣ್ಣ ಕೇಸಲ್ಲ ಯಜಮಾನ್ರೇ. ತಜ್ಞರೇ ಬರೆದು ಕೊಟ್ಟಿದ್ದಾರೆ” ಎಂದು ನಾಗಯ್ಯ ಕಾಗದವೊಂದನ್ನು ತೆಗೆದು ಓದಿದರು. ಬುದ್ಧಿಮಾತು ಮುಗಿದು, ಹೆಸರು ಬಂತು, ಎಂ.ಎಸ್ಸಿ. ಬಂತು, ಕಾಲೇಜು ಬಂತು. ಒಬ್ಬೊಬ್ಬರಾಗಿ ಎಲ್ಲರೂ ಮಲ್ಲೇಶನ ಕಡೆ ತಿರುಗಿದರು. ಎಲ್ಲರಿಗಿಂತ ನಿಧಾನವಾಗಿ ತಿರುಗಿದವಳು ಸ್ಫೂರ್ತಿ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

ಅವನು ಎದ್ದು ನಿಂತ. ಬೆಳಿಗ್ಗೆ ಬರೆದದ್ದು ತಪ್ಪು, ಫೋಟೋ ಮಸುಕಾಗಿತ್ತು, ಈಗ ಯೋಚಿಸಿದರೆ ಅದು ಡೈನೋಸಾರಿನದೇ, ಬೇಕಾದರೆ ಬರೆದು ಸಹಿ ಹಾಕುತ್ತೇನೆ ಎಂದ. ಮೂಳೆಯನ್ನು ಕಣ್ಣಿಂದಲೂ ನೋಡದೆ ಇಷ್ಟು ಧೈರ್ಯವಾಗಿ ಸುಳ್ಳು ಹೇಳಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ಏಕಾಂತಪ್ಪನವರು ಪಂಚೆಯ ತುದಿಯಿಂದ ಬೆವರು ಒರೆಸಿಕೊಂಡರು.

ನಾಗಯ್ಯ ಒಪ್ಪಲಿಲ್ಲ, ಮಾಲು ಹೊರಗೆ ಬರಲಿ ಎಂದರು. ಗಂಗಾಧರಪ್ಪನವರ ಹೆಂಡತಿ ದಾಕ್ಷಾಯಣಮ್ಮ ದೇವರ ಮನೆಗೆ ಹೋಗಿ, ಬೆಳ್ಳಿ ತಟ್ಟೆಯಲ್ಲಿಟ್ಟು ತಂದರು. ಗೇಣುದ್ದವೂ ಇರದ ಮೂಳೆ. ಮೇಲೆ ವಿಭೂತಿಯ ಮೂರು ಪಟ್ಟೆ, ಒಂದು ದಾಸವಾಳದ ಹೂವು. ಎಷ್ಟು ಲಕ್ಷ ವರ್ಷದ ಜೀವವೋ, ಮಾರಾಟವಾಗುವ ತನಕ ದೇವರ ಪಕ್ಕದಲ್ಲಿರಲಿ ಎಂದು ದಿನಾ ಪೂಜೆ ಮಾಡುತ್ತಿದ್ದೇನೆ ಎಂದರು ಅವರು.

ಹಗ್ಗ ಹಿಡಿದಿದ್ದ ವಾಚರುಗಳು ಮುಖ ಮುಖ ನೋಡಿಕೊಂಡರು.

“ಪಕ್ಕದಲ್ಲಿ ತೆಂಗಿನಕಾಯಿ ಇತ್ತಲ್ಲ” ಎಂದ ಮಲ್ಲೇಶ ಕ್ಷೀಣವಾಗಿ.

“ಅದು ತೆಂಗಿನಕಾಯಲ್ಲ, ಸಿಪ್ಪೆ ಸುಲಿಯದ ಅಡಿಕೆ. ಅಳತೆ ಗೊತ್ತಾಗ್ಲಿ ಅಂತ ನಾನೇ ಇಟ್ಟಿದ್ದೆ” ಎಂದಳು ಸ್ಫೂರ್ತಿ.

ಮೊದಲು ನಕ್ಕವರು ನಾಗಯ್ಯ. ನಗುತ್ತಲೇ ಕಾಗದ ಹರಿದು, ಹಾಲೇಶನಿಗೆ ಬೈಯುತ್ತಾ ಜೀಪು ಹತ್ತಿದರು. ಗಂಗಾಧರಪ್ಪನವರಿಗೂ ನಗು ತಡೆಯಲಾಗಲಿಲ್ಲ. ಶಿವಮೊಗ್ಗದವರಾಗಿ ಅಡಿಕೆ ಗೊತ್ತಾಗದಿದ್ದರೆ ಚಿಂತೆಯಿಲ್ಲ, ಅದನ್ನು ಮಂಡಿಯಲ್ಲಿ ಕಲಿಸಿದರಾಯಿತು, ಆದರೆ ನಮ್ಮ ಮರ್ಯಾದೆ ಉಳಿಸಲು ಎದ್ದು ನಿಂತರಲ್ಲ, ಅಂಥ ಗುಣ ಕಲಿಸಿದರೆ ಬರುವುದಿಲ್ಲ ಎಂದರು. ಒಳಗೆ ತಾಂಬೂಲದ ತಟ್ಟೆ ಜೋಡಿಸಲು ಹೇಳಿದರು. ಸ್ಫೂರ್ತಿ ತಲೆ ಬಗ್ಗಿಸಿ ನಗುತ್ತಿದ್ದಳು, ಅದು ಒಪ್ಪಿಗೆಯ ನಗುವೆಂದು ಮಲ್ಲೇಶನಿಗೂ ಗೊತ್ತಾಯಿತು. ಅಷ್ಟು ಸಂತೋಷ ಅವನು ಹಿಂದೆಂದೂ ಕಂಡಿರಲಿಲ್ಲ.

ತಾಂಬೂಲ ಬರುವ ತನಕ ಏನಾದರೂ ಮಾತಾಡಬೇಕಲ್ಲ. ಹತ್ತಿರದಿಂದ ಒಮ್ಮೆ ನೋಡಿ ಹೇಳಿ ಎಂದು ದಾಕ್ಷಾಯಣಮ್ಮ ಭಕ್ತಿಯಿಂದ ತಟ್ಟೆ ಮುಂದೆ ಹಿಡಿದರು. ಮಲ್ಲೇಶ ಮೂಳೆ ಎತ್ತಿಕೊಂಡ. ಏಕಾಂತಪ್ಪನವರು ಕಾಲು ತುಳಿದರು, ಆದರೆ ಅಷ್ಟರಲ್ಲಿ ಅವನು ಮನಸ್ಸಿನಲ್ಲೇ ಕ್ಲಾಸಿಗೆ ಹೊರಟುಹೋಗಿದ್ದ.

“ಇದು ಆಡಿನ ತೊಡೆಮೂಳೆ ಅಮ್ಮಾ. ಹಳೇದೂ ಅಲ್ಲ. ಇಲ್ಲಿ ಗೀರು ಕಾಣುತ್ತಲ್ಲ, ಇದು ಮಚ್ಚಿನ ಏಟು. ಪಾಯ ತೋಡಿದವರು ಬಿರಿಯಾನಿ ಮಾಡ್ಕೊಂಡು ತಿಂದು ಹೂತಿರ್ಬೇಕು.”

ದಾಕ್ಷಾಯಣಮ್ಮನವರ ಕೈಯಿಂದ ಬೆಳ್ಳಿ ತಟ್ಟೆ ಜಾರಿತು. ತಲೆತಲಾಂತರದಿಂದ ಮೊಟ್ಟೆಯನ್ನೂ ಹೊಸಿಲು ದಾಟಿಸದ ಮನೆ ಅದು. ಶಿವ ಶಿವಾ ಎನ್ನುತ್ತಾ ಅವರು ದೇವರ ಮನೆ ತೊಳೆಯಲು ಓಡಿದರು. ಅವರ ಹಿಂದೆ ಸ್ಫೂರ್ತಿ ಬಿಂದಿಗೆ ಹಿಡಿದು ಓಡಿದಳು, ತಿರುಗಿ ನೋಡಲಿಲ್ಲ. ಗಂಗಾಧರಪ್ಪ ಕಾಂಪೌಂಡಿನಲ್ಲಿ ಇನ್ನೂ ಕರಗದ ಜನರನ್ನು ನೋಡಿದರು, ಮಲ್ಲೇಶನನ್ನು ನೋಡಿದರು, ಶಿವಮೊಗ್ಗಕ್ಕೆ ಹತ್ತು ನಿಮಿಷಕ್ಕೊಂದು ಬಸ್ಸಿದೆ ಎಂದರು.

ಬಸ್ಸಿನಲ್ಲಿ ಏಕಾಂತಪ್ಪನವರು ಟಿಕೆಟ್ ತೆಗೆಸಿ, ಚಿಲ್ಲರೆ ಎಣಿಸಿ ಜೇಬಿಗಿಟ್ಟರು.

“ಆನೆ ಅಂದೆ, ಕ್ಷಮಿಸಿದ್ರು. ಡೈನೋಸಾರ್ ಅಂದೆ, ಮಗಳನ್ನೇ ಕೊಡೋಕೆ ಬಂದ್ರು” ಎಂದರು ಕಡೆಗೆ. “ಸರಿಯಾಗಿ ಹೇಳು ಅಂತ ಯಾರು ಅತ್ತಿದ್ರೋ ಮಾರಾಯ?”

ಮಲ್ಲೇಶ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಅವನ ಕಣ್ಣು ತುಂಬಿತ್ತು. ಪೂರ್ತಿ ಸರಿಯೆಂದು ಹೇಳಲಾಗದು, ಅದು ಕುರಿಯದೂ ಇರಬಹುದು ಎಂದ.