ಗುಣಪಾಲ ಡಾಕ್ಟರರ ಕೈಗುಣ

ಕಾಪುವಿನ ಡಾಕ್ಟರ್ ಗುಣಪಾಲರ ಕಷ್ಟಕ್ಕೆಲ್ಲ ಮೂಲ ಅವರ ಕೈಗುಣ. ಅವರು ನಾಡಿ ಹಿಡಿದರೆ ಅರ್ಧ ಕಾಯಿಲೆ ಅಲ್ಲೇ ಇಳಿಯುತ್ತದೆಂದು ಊರು ಹೇಳುತ್ತಿತ್ತು. ಮೂವತ್ತೆಂಟು ವರ್ಷ ಕೇಳಿ ಕೇಳಿ ಅವರೂ ನಂಬಿದ್ದರು. ಈಗ ಅರುವತ್ತೊಂಬತ್ತು ತುಂಬಿ, ಮಂಡಿ ಕೂತರೆ ಏಳದು, ಎದ್ದರೆ ಕೂರದು. ಕ್ಲಿನಿಕ್ಕನ್ನು ಕಿರಿಯರಿಗೆ ಒಪ್ಪಿಸೋಣವೆಂದರೆ, ಕೆಲಸ ಕೇಳಿ ಬಂದ ನಾಲ್ವರನ್ನೂ ಹೊರಗಿನ ಬೆಂಚಿನ ರೋಗಿಗಳೇ ಓಡಿಸಿದ್ದರು. ಕಲಿತದ್ದು ಉಂಟು, ಕೈಗುಣ ಇಲ್ಲ ಎಂಬುದು ಬೆಂಚಿನ ತೀರ್ಪು.

ಐದನೆಯವಳು ಕಾರ್ಕಳದ ತೃಪ್ತಿ. ಇವಳೂ ಹೋದರೆ ತಾನು ಕುರ್ಚಿಯಲ್ಲೇ ಸಾಯಬೇಕೆಂದು ಹೆದರಿದ ಡಾಕ್ಟರರು ಉಪಾಯ ಹೂಡಿದರು. ಉಡುಪಿಗೆ ಹೋಗುತ್ತೇನೆಂದು ಕಂಪೌಂಡರ್ ಕಜೆಟನ್‌ಗೂ ಸುಳ್ಳು ಹೇಳಿ, ಹಿಂಬಾಗಿಲಿಂದ ನುಸುಳಿ, ಪರದೆಯ ಹಿಂದೆ ಕುಳಿತರು. ತೃಪ್ತಿ ತಡವರಿಸಿದರೆ ತಾನು ಚೀಟಿ ಬರೆದು ದಾಟಿಸುವುದೆಂದು ಅವಳೊಡನೆ ಮಾತಾಗಿತ್ತು.

ಮೊದಲು ಬಂದವನು ಬೆಂಚಿನ ಯಜಮಾನ, ಮಲ್ಪೆಯಲ್ಲಿ ಮೀನು ಹರಾಜು ಕೂಗುವ ಮುದ್ದಣ್ಣ. ಸಕ್ಕರೆ ಕಾಯಿಲೆ ಚೆನ್ನಾಗಿ ಹತೋಟಿಯಲ್ಲಿದೆ ಎಂದಳು ತೃಪ್ತಿ. ಪರದೆಯ ಹಿಂದೆ ಡಾಕ್ಟರರ ಎದೆ ಉಬ್ಬಿತು. ಯಾವ ಮಾತ್ರೆ ಎಂದು ಅವಳು ಕೇಳಿದಾಗ ಮುದ್ದಣ್ಣ ಬಾಗಿಲ ಕಡೆ ನೋಡಿ, ಒಳಜೇಬಿನಿಂದ ಉಡುಪಿಯ ಡಾಕ್ಟರೊಬ್ಬರ ಚೀಟಿ ತೆಗೆದ.

ಒಬ್ಬ ದ್ರೋಹಿ ಎಲ್ಲ ಊರಲ್ಲೂ ಇರುತ್ತಾನೆಂದು ಡಾಕ್ಟರರು ಸಮಾಧಾನ ಮಾಡಿಕೊಂಡರು. ಮುಂದೆ ಬಂದ ಕಮಲಕ್ಕನ ಸೆರಗಿನ ಗಂಟಿನಲ್ಲಿ ಮಣಿಪಾಲದ ಚೀಟಿ ಇತ್ತು. ಎಡ್ಮಂಡ್ ಮಾಸ್ತರರದು ಕಾರ್ಕಳದ್ದು, ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಬೇರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅಂದು ಹಿತ್ತಲ ಗಿಡವೇ ಕೂತು ಕೇಳಬೇಕಾಯಿತು. ಕೊನೆಗೆ ಕಜೆಟನ್ ಒಳಬಂದು, ತನ್ನ ಬಿಪಿ ಮಾತ್ರೆಯ ಪ್ರಮಾಣ ಸರಿ ಉಂಟೋ ಎಂದು ಮಣಿಪಾಲದ ಚೀಟಿ ಚಾಚಿದ. ಪರದೆ ಸರಿಯಿತು.

ಕಜೆಟನ್ ಗೋಡೆಗೆ ಒರಗಿ ನಿಂತ. ಹೊರಗೆ ಹರಟುತ್ತಿದ್ದ ಬೆಂಚಿನವರೆಲ್ಲ ಬಾಗಿಲಲ್ಲಿ ನೆರೆದರು.

"ಬೇಜಾರು ಮಾಡಬೇಡಿ ಡಾಕ್ಟ್ರೇ," ಎಂದ ಮುದ್ದಣ್ಣ. "ಶೀತ ಕೆಮ್ಮಿಗೆ ಈಗಲೂ ನೀವೇ. ಉಳಿದದ್ದಕ್ಕೆ ಹತ್ತು ವರ್ಷದಿಂದ ಹೊರಗೆ ಹೋಗುತ್ತೇವೆ."

"ಮತ್ತೆ ಆ ನಾಲ್ವರಿಗೆ ಕೈಗುಣ ಇಲ್ಲ ಅಂದದ್ದು?"

"ಉಂಟು ಅಂದಿದ್ದರೆ ನಿಮ್ಮ ಕುರ್ಚಿ ಹೋಗುತ್ತಿತ್ತು, ಅಲ್ವಾ? ಆಮೇಲೆ ನೀವು ಇಡೀ ದಿನ ಎಂತ ಮಾಡುವುದು?"

"ನಾನು ಬಿಟ್ಟರೆ ನಿಮ್ಮ ಗತಿ ಎಂತ ಅಂತ ನಾನು ಕೂತದ್ದು ಮಾರಾಯ," ಎಂದರು ಗುಣಪಾಲರು.

ಮೊದಲು ನಕ್ಕವಳು ಕಮಲಕ್ಕ. ಆಮೇಲೆ ಎಲ್ಲರೂ ನಕ್ಕರು. ಡಾಕ್ಟರರಿಗೆ ಕೋಪ ಬರಬೇಕಿತ್ತು. ಅದರ ಬದಲು ಮೈಮೇಲಿನ ಅಕ್ಕಿಮೂಟೆ ಇಳಿಸಿದ ಹಾಗಾಯಿತು. ಅಲ್ಲೇ ತೃಪ್ತಿಗೆ ನೇಮಕದ ಪತ್ರ ಬರೆದುಕೊಟ್ಟು, ಮಂಡಿನೋವನ್ನೂ ಮರೆತು ಮನೆಗೆ ನಡೆದರು.

ಹೆಂಡತಿ ಸುಗಂಧಿ ಎಲ್ಲವನ್ನೂ ಶಾಂತವಾಗಿ ಕೇಳಿದರು. ನಾಳೆಯಿಂದ ದಿನವಿಡೀ ಮನೆಯಲ್ಲೇ, ಅಡುಗೆಗೂ ಸಹಾಯ ಮಾಡುತ್ತೇನೆ ಎಂದು ಗಂಡ ಹೇಳಿದಾಗ ಮಾತ್ರ ಅವರ ಕೈಯ ಸೌಟು ನಿಂತಿತು.

"ಅದೆಲ್ಲ ಬೇಡ. ಒಂಬತ್ತಕ್ಕೆ ಹೋಗಿ ಬೆಂಚಿನಲ್ಲಿ ಕೂತುಕೊಳ್ಳಿ, ಊಟಕ್ಕೆ ಬಂದರೆ ಸಾಕು. ಮುದ್ದಣ್ಣನಿಗೆ ಈಗಲೇ ಫೋನ್ ಮಾಡಿ ಜಾಗ ಇಡಲು ಹೇಳುತ್ತೇನೆ."

"ಮುದ್ದಣ್ಣನ ನಂಬರ್ ನಿನ್ನ ಹತ್ತಿರ ಎಂತಕ್ಕೆ?"

"ಎಂತಕ್ಕೆ ಅಂದರೆ? ಹತ್ತು ವರ್ಷದಿಂದ ದಿನಾ ಅವರನ್ನೆಲ್ಲ ನಿಮ್ಮ ಕ್ಲಿನಿಕ್ಕಿಗೆ ಕಳಿಸಿದ್ದು ಮತ್ಯಾರು?"