ಮೂವತ್ತೆಂಟು ಗ್ರಾಂ ಎಲ್ಲಿಂದ ಬಂತು?

"ಮಂದಾ, ಇವತ್ತಿನ ತಾರೀಖು ಬರೆದಿಟ್ಕೋ! ಇನ್ನು ಮೇಲೆ ಈ ಭೂಮಿ ಮೇಲೆ ಸುಳ್ಳು ಅಳತೆ ಅನ್ನೋದೇ ಇರೋಲ್ಲ!"

ಹೀಗೆಂದು ಘೋಷಿಸಿದ ನರಹರಿ ರಾಯರು ಊಟದ ಮೇಜಿನ ಮೇಲಿದ್ದ ಟವೆಲನ್ನು ಸರ್ರನೆ ಸೆಳೆದರು. ಅದರಡಿಯಲ್ಲಿ ಹೆಂಡತಿ ಮಂದಾಕಿನಿ ಮೇಡಂ ಅವರ ಹಳೆಯ ಪ್ರೆಷರ್ ಕುಕ್ಕರ್ ಕುಳಿತಿತ್ತು. ವಿಷಲ್ ಇರಬೇಕಾದ ಜಾಗದಲ್ಲಿ ಹಿತ್ತಾಳೆಯ ಗ್ರಾಮಫೋನ್ ಕೊಳವೆಯೊಂದು ಬಾಯಿ ತೆರೆದು ನಿಂತಿತ್ತು. ಹಿಡಿಯ ಪಕ್ಕದಲ್ಲಿ ಗ್ರಾಂ, ಮೀಟರ್, ಡಿಗ್ರಿ, ನಿಮಿಷ ಎಂದು ಬರೆದ ತಗಡಿನ ಚಕ್ರವೊಂದು ನಡುಗುತ್ತಿತ್ತು.

"ಕುಕ್ಕರ್ ಕಳೆದು ಮೂರು ವಾರ ಆಯ್ತು. ನಾನು ಪಾತ್ರೆ ಸಾಮಾನಿನವನನ್ನ ಬೈದುಬಿಟ್ಟೆ!" ಎಂದರು ಮೇಡಂ.

"ವಿಜ್ಞಾನಕ್ಕೆ ಒಂದು ಕುಕ್ಕರ್ ಕೊಡೋಕಾಗಲ್ವೇನೆ ನಿನಗೆ? ಇದರ ಹೆಸರು ಸತ್ಯಾಪಕ!"

ರಾಯರು ಅಳತೆ-ತೂಕದ ಕಚೇರಿಯಲ್ಲಿ ಮೂವತ್ತೈದು ವರ್ಷ ಇನ್‌ಸ್ಪೆಕ್ಟರಾಗಿದ್ದು, ಅಂಗಡಿ ಅಂಗಡಿ ಸುತ್ತಿ, ತೂಕದ ಬಟ್ಟುಗಳಿಗೆ ಮುದ್ರೆ ಒತ್ತಿ, ಕಳೆದ ಮಾರ್ಚಿನಲ್ಲಿ ನಿವೃತ್ತರಾದವರು. ಈ ಹತ್ತು ತಿಂಗಳಲ್ಲಿ ಅವರು ತಾನೇ ಬಡಿಸಿಕೊಳ್ಳುವ ತಟ್ಟೆಯನ್ನೂ ತಾನೇ ಹಾರಾಡುವ ಕೊಡೆಯನ್ನೂ ಕಂಡುಹಿಡಿದಿದ್ದರು. ಕೊಡೆ ಇನ್ನೂ ಹಿಂದಿರುಗಿಲ್ಲ.

ಮಂದಾಕಿನಿ ಮೇಡಂ ಬೆಳ್ಳಿಗೆರೆಯ ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರದ ಉಪನ್ಯಾಸಕಿ. ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಒಂದೇ ಒಂದು ಸುಳ್ಳು ರೀಡಿಂಗಿಗೂ ಸಹಿ ಹಾಕಿದವರಲ್ಲ. ಏಕಮಾನವಿಲ್ಲದ ಸಂಖ್ಯೆಯನ್ನು ಕಂಡರೆ ಹೆಸರಿಲ್ಲದೆ ಬಂದ ಪತ್ರವನ್ನು ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿದು ಹಿಂದಿರುಗಿಸುತ್ತಿದ್ದರು. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಮರುದಿನ ನಡೆಯಲಿದ್ದುದು ಅವರ ಕಟ್ಟಕಡೆಯ ಪ್ರಾಯೋಗಿಕ ಪರೀಕ್ಷೆ. ಅದೊಂದನ್ನು ಕಳಂಕವಿಲ್ಲದೆ ದಾಟಿಸಿಬಿಟ್ಟರೆ ತಮ್ಮ ಬದುಕು ಸರಿಯಾಗಿ ತೂಗಿದಂತೆ ಎಂದು ಅವರು ನಂಬಿದ್ದರು.

"ನೋಡು, ತೊಗರಿಬೇಳೆ ಪೊಟ್ಟಣ. ಮೇಲೆ ಏನು ಬರೆದಿದಾರೆ? ಒಂದು ಕಿಲೋ. ತಕ್ಕಡಿ ಏನು ಹೇಳ್ತಿದೆ?"

"ಒಂಬೈನೂರ ಅರವತ್ತೆರಡು ಗ್ರಾಂ."

"ಕಳ್ಳರು! ಈಗ ನೋಡು." ರಾಯರು ಕೊಳವೆಗೆ ಬಾಯಿಟ್ಟು ಗಂಭೀರವಾಗಿ ನುಡಿದರು: "ಒಂದು ಕಿಲೋಗ್ರಾಂ!"

ಚಕ್ರ ಗಿರ್ರನೆ ತಿರುಗಿತು. ಕುಕ್ಕರ್ ಒಮ್ಮೆ ಬಿಕ್ಕಳಿಸಿತು. ತಕ್ಕಡಿಯ ಮುಳ್ಳು ಮೇಲೇರಿ ಸಾವಿರ ಗ್ರಾಮಿನಲ್ಲಿ ನೆಟ್ಟಗೆ ನಿಂತಿತು!

"ಹೇಗಿದೆ? ಅಳತೆ ಸುಳ್ಳಾದ್ರೆ ಇದು ಅಳತೆ ತಿದ್ದೋಲ್ಲ, ವಸ್ತುವನ್ನೇ ತಿದ್ದುತ್ತೆ!"

ಮೇಡಂ ಅವರ ಹುಬ್ಬು ಮೇಲೇರಿತು. "ಆ ಮೂವತ್ತೆಂಟು ಗ್ರಾಂ ಎಲ್ಲಿಂದ ಬಂತು?"

"ಬಂತು ಅಷ್ಟೆ. ಬಂದದ್ದಕ್ಕೆ ಸಂತೋಷಪಡು!"

"ದ್ರವ್ಯ ಸುಮ್ಮಸುಮ್ಮನೆ ಹುಟ್ಟೋಲ್ಲಾರೀ! ಒಂಬತ್ತನೇ ಕ್ಲಾಸಿನ ಮಗುವನ್ನ ಕೇಳಿ, ಹೇಳುತ್ತೆ!"

ಮೇಡಂ ಆಗಲೇ ಸೆರಗು ಸಿಕ್ಕಿಸಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೂಗತೊಡಗಿದರು. ಪ್ರತಿ ಡಬ್ಬಿಯ ಮೇಲೂ ಅದರ ತೂಕವನ್ನು ಬರೆದು ಚೀಟಿ ಅಂಟಿಸುವುದು ಅವರ ಪದ್ಧತಿ. ಎಲ್ಲವೂ ಚೀಟಿಗೆ ಸರಿಯಾಗಿದ್ದವು. ಆ ಮನೆಯಲ್ಲಿ ಚೀಟಿಯಿಲ್ಲದ ಡಬ್ಬಿ ಒಂದೇ. ಅದು ರಾಯರ ನಶ್ಯದ ಡಬ್ಬಿ. ಬೆಳಿಗ್ಗೆಯಷ್ಟೇ ತುಂಬಿಸಿದ್ದ ಅದರಲ್ಲೀಗ ತಳ ಕಾಣುತ್ತಿತ್ತು.

"ನಿಮ್ಮ ಯಂತ್ರ ಸೃಷ್ಟಿ ಮಾಡ್ತಿಲ್ಲ, ಕದೀತಿದೆ! ಅಳತೆ ಗೊತ್ತಿಲ್ಲದ ವಸ್ತು ಹತ್ತಿರದಲ್ಲಿ ಯಾವುದಿದೆಯೋ ಅದರಿಂದ ಕದ್ದು ಇದಕ್ಕೆ ಹಾಕ್ತಿದೆ."

ಅಂದಿನ ಸಾರು ಉಂಡು ಇಬ್ಬರೂ ನಲವತ್ತು ಸಲ ಸೀನಿದರು.

"ಸಣ್ಣ ದೋಷ," ಎಂದು ಮೂಗೊರೆಸಿಕೊಂಡರು ರಾಯರು. "ಹಾಗೆ ನೋಡಿದ್ರೆ ನಿನ್ನ ಹುಟ್ಟಿದ ದಿನ ಏನು ಸತ್ಯಾನೆ?"

ಮೇಡಂ ಮುಖ ಕೆಂಪಾಯಿತು. ಅದೊಂದು ಅವರ ಪಾದದಲ್ಲಿ ಉಳಿದ ಮುಳ್ಳು. ಅವರನ್ನು ಶಾಲೆಗೆ ಸೇರಿಸಿದ ಹೆಡ್‌ಮಾಸ್ತರರು, ವಯಸ್ಸು ಸಾಲದೆಂದು ಹದಿನಾಲ್ಕು ತಿಂಗಳು ಹೆಚ್ಚಿಸಿ ಜೂನ್ ಒಂದು ಎಂದು ಬರೆದುಬಿಟ್ಟಿದ್ದರು. ಆ ತರಗತಿಯ ಮೂವತ್ತು ಮಕ್ಕಳೂ ಜೂನ್ ಒಂದರಂದೇ ಹುಟ್ಟಿದವರು!

"ಅದು ಹೆಡ್‌ಮಾಸ್ತರರ ಬರಹ, ನನ್ನ ಮಾತಲ್ಲ. ನನ್ನ ಬಾಯಿಂದ ಆ ತಾರೀಖು ಒಂದು ಸಲವೂ ಬಂದಿಲ್ಲ. ಫಾರಂ ಬಂದಾಗಲೆಲ್ಲ ಬೇರೆಯವರ ಕೈಲಿ ಬರೆಸಿದೀನಿ," ಎಂದು ಅವರು ಎದ್ದುಹೋದರು.

ಸಂಜೆ ರಾಯರು ಅರ್ಧ ಗಡ್ಡ ಹೆರೆದುಕೊಂಡಿದ್ದಾಗ ಫೋನ್ ಮೊಳಗಿತು. ಮಾತಾಡಿದವರು ಪ್ರಿನ್ಸಿಪಾಲ್ ಗುರುಬಸಪ್ಪನವರು. ಯಂತ್ರದ ಸುದ್ದಿ ಹೇಗೋ ಅವರ ಕಿವಿಗೆ ಬಿದ್ದಿತ್ತು. ಹೇಗೆಂದರೆ, ರಾಯರೇ ಹೇಳಿದ್ದರು.

"ಐದು ನಿಮಿಷ, ಸರ್! ಐದೇ ನಿಮಿಷದಲ್ಲಿ ನಿಮ್ಮ ಮನೇಲಿರ್ತೀನಿ!" ಎಂದರು ರಾಯರು.

ನಮ್ಮ ನಾಡಿನಲ್ಲಿ ಐದು ನಿಮಿಷವೆಂದರೆ ಎಷ್ಟೆಂದು ಎಲ್ಲರಿಗೂ ಗೊತ್ತು. ಯಂತ್ರಕ್ಕೆ ಗೊತ್ತಿರಲಿಲ್ಲ. ಪ್ರಿನ್ಸಿಪಾಲರ ಮನೆ ಇಪ್ಪತ್ತೈದು ನಿಮಿಷದ ದಾರಿ. ರಾಯರು ಸರಿಯಾಗಿ ಐದನೆಯ ನಿಮಿಷಕ್ಕೆ ಬನಿಯನ್ನಿನಲ್ಲಿ, ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡು, ಅವರ ಬಾಗಿಲಲ್ಲಿ ಪ್ರತ್ಯಕ್ಷರಾದರು. ಇತ್ತ ಮೇಡಂ ಆಗಷ್ಟೇ ಒಲೆಗಿಟ್ಟ ಹಾಲು ಕಣ್ಣೆದುರಿಗೇ ಉಕ್ಕಿ, ಬತ್ತಿ, ಸೀದು ಕರಿಯಾಯಿತು. ರಾಯರಿಗೆ ಉಳಿದ ಇಪ್ಪತ್ತು ನಿಮಿಷ ಹಾಲಿನ ಪಾಲಿಗೆ ಬಿದ್ದಿತ್ತು!

'ಕಾಲಕ್ಕೂ ಅದೇ ನಿಯಮ. ಒಬ್ಬರಿಗೆ ಕಡಿಮೆಯಾದದ್ದು ಇನ್ನೊಬ್ಬರ ಮೇಲೆ ಬೀಳುತ್ತದೆ,' ಎಂದು ಮೇಡಂ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದು, ಪಾತ್ರೆ ಉಜ್ಜಲು ಕುಳಿತರು.

ಮರಳಿ ಬಂದ ಗಂಡನಿಗೆ ಅವರು ಒಂದೇ ಮಾತು ಹೇಳಿದರು: "ಅದು ನನ್ನ ಲ್ಯಾಬಿನ ಹೊಸ್ತಿಲು ದಾಟಕೂಡದು."

ರಾಯರು ಅತ್ತ ನೋಡುತ್ತ ತಲೆಯಾಡಿಸಿದರು. ಹಾಗೆ ಅತ್ತ ನೋಡುತ್ತ ತಲೆಯಾಡಿಸಿದ ಗಂಡಸನ್ನು ನಂಬಿದ್ದು ಮೇಡಂ ಅವರ ತಪ್ಪು.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಪರೀಕ್ಷೆ ಆರಂಭವಾಯಿತು. ಹೊರಗಿನಿಂದ ಬಂದ ಪರೀಕ್ಷಕ ಸೆಬಾಸ್ಟಿಯನ್ ಸರ್ ಮಜ್ಜಿಗೆ ಲೋಟ ಹಿಡಿದು ಕುಳಿತಿದ್ದರು. ಇಪ್ಪತ್ತು ವಿದ್ಯಾರ್ಥಿಗಳ ಮುಂದೆ ಇಪ್ಪತ್ತು ಬ್ಯೂರೆಟ್ಟುಗಳು. ಆ ಉದ್ದನೆಯ ಗಾಜಿನ ನಳಿಗೆಗಳಲ್ಲಿ ನೇರಳೆ ಬಣ್ಣದ ಪರ್ಮಾಂಗನೇಟ್ ದ್ರಾವಣ. ಅದನ್ನು ಕೆಳಗಿನ ಆಮ್ಲಕ್ಕೆ ಹನಿಹನಿಯಾಗಿ ಬಿಟ್ಟು, ತಿಳಿ ಗುಲಾಬಿ ಬಣ್ಣ ಬಂದೊಡನೆ ನಿಲ್ಲಿಸಿ, ಎಷ್ಟು ಸಿಸಿ ಖರ್ಚಾಯಿತೆಂದು ನೋಡಬೇಕು. ಒಂದಕ್ಕೊಂದು ಹೊಂದುವ ತನಕ ಮೂರು ಸಲ ಹಾಗೆಯೇ ಮಾಡಬೇಕು. ಇದರಲ್ಲಿ ಕಠಿಣವಾದದ್ದೇನೂ ಇಲ್ಲ, ತಾಳ್ಮೆಯೊಂದನ್ನು ಬಿಟ್ಟು.

ಆದರೆ ತಾಳ್ಮೆ ಯಾರಿಗೆ ಬೇಕು! ಆ ಕಾಲೇಜಿನಲ್ಲಿ ೧೦.೨ ಎಂಬ ಸಂಖ್ಯೆಯೊಂದು ಹಿರಿಯರ ರೆಕಾರ್ಡ್ ಪುಸ್ತಕದಿಂದ ಕಿರಿಯರ ಪುಸ್ತಕಕ್ಕೆ ಪಿತ್ರಾರ್ಜಿತ ಆಸ್ತಿಯಂತೆ ಇಳಿದುಬರುತ್ತಿತ್ತು. ನಲ್ಲಿ ತಿರುಗಿಸುವ ಮೊದಲೇ ಮೂರೂ ಸಾಲಿನಲ್ಲಿ ೧೦.೨, ೧೦.೨, ೧೦.೨! ಕಣ್ಣಿಂದ ಕಾಣದ್ದನ್ನು ಕಂಡೆನೆಂದು ಬರೆಯುವುದು ಕಳ್ಳತನಕ್ಕಿಂತಲೂ ಹೀನ. ಕಳ್ಳನಾದರೂ ವಸ್ತುವೊಂದು ಇದೆಯೆಂಬ ಸತ್ಯವನ್ನು ಗೌರವಿಸುತ್ತಾನೆ. ಈ ಚಾಳಿಯನ್ನು ನಿಲ್ಲಿಸಲೆಂದೇ ಮೇಡಂ ಒಂದು ನಿಯಮ ಮಾಡಿದ್ದರು: ಪ್ರತಿ ರೀಡಿಂಗನ್ನೂ ಮೊದಲು ಗಟ್ಟಿಯಾಗಿ ಓದಿ ಹೇಳಬೇಕು, ಆಮೇಲೆ ಬರೆಯಬೇಕು. ಸುಳ್ಳು ಹೇಳುವಾಗ ಮಕ್ಕಳ ದನಿ ನಡುಗುತ್ತದೆಂಬುದು ಅವರ ಅನುಭವ.

ಅಂದು ಯಾರ ದನಿಯೂ ನಡುಗಲಿಲ್ಲ!

"ಹತ್ತು ಪಾಯಿಂಟ್ ಎರಡು ಸಿಸಿ, ಮೇಡಂ!" "ಹತ್ತು ಪಾಯಿಂಟ್ ಎರಡು ಸಿಸಿ!" ಮೂಲೆ ಮೂಲೆಯಿಂದಲೂ ಅದೇ ಕೂಗು. ಮೇಡಂ ಕನ್ನಡಕ ಏರಿಸಿ ಬಾಗಿ ನೋಡಿದರು. ಕೂಗಿದವರೆಲ್ಲರ ಬ್ಯೂರೆಟ್ಟಿನಲ್ಲೂ ದ್ರಾವಣ ಸರಿಯಾಗಿ ಹತ್ತು ಪಾಯಿಂಟ್ ಎರಡರ ಗೆರೆಗೇ ನಿಂತಿತ್ತು. ಅವರಲ್ಲಿ ಒಬ್ಬರೂ ನಲ್ಲಿ ಮುಟ್ಟಿರಲಿಲ್ಲ!

ರಾಸಾಯನಿಕಗಳ ಬೀರುವಿನ ಹಿಂದೆ ಏನೋ ಬಿಕ್ಕಳಿಸಿತು. ಅಲ್ಲಿ ಕುಕ್ಕರ್ ಇತ್ತು. ಕುಕ್ಕರಿನ ಪಕ್ಕದಲ್ಲಿ ನರಹರಿ ರಾಯರೂ ಪ್ರಿನ್ಸಿಪಾಲ್ ಗುರುಬಸಪ್ಪನವರೂ ಬೆನ್ನು ಬಾಗಿಸಿ ಅವಿತಿದ್ದರು.

"ರೀ!"

"ನಿನ್ನ ಕೊನೇ ಪರೀಕ್ಷೆಗೆ ಒಂದು ಉಡುಗೊರೆ ಕಣೆ..." ಎಂದರು ರಾಯರು.

"ಮೇಡಂ, ಒಬ್ಬರಾದ್ರೂ ಸುಳ್ಳು ಬರೆದಿದಾರಾ? ಗೆರೆ ನೋಡಿ!" ಎಂದರು ಪ್ರಿನ್ಸಿಪಾಲರು, ಕಾಫಿ ಲೋಟ ಎತ್ತಿ ತೋರಿಸುತ್ತ. "ಎಲ್ಲ ಸತ್ಯ! ನೀವು ಸಹಿ ಹಾಕೋಕೆ ಏನಡ್ಡಿ?"

ಮೇಡಂ ಕೆಂಪು ಪೆನ್ನು ಎತ್ತಿದರು. ಸುಳ್ಳೇ ಮುಂದೆ ನಡೆದು ಸತ್ಯವೇ ಅದನ್ನು ಹಿಂಬಾಲಿಸಿದರೆ ಯಾವುದನ್ನು ಕೆಂಪು ಶಾಯಿಯಿಂದ ಹೊಡೆಯುವುದು? "ಆಫ್ ಮಾಡಿ ಅದನ್ನ!"

"ಸ್ವಿಚ್ ಇಟ್ಟಿಲ್ಲ. ಸತ್ಯಕ್ಕೆ ಸ್ವಿಚ್ ಯಾಕೆ ಅಂತ..."

ಅಷ್ಟರಲ್ಲಿ ಮೂರನೆಯ ಮೇಜಿನಿಂದ ಲೋಹಿತ್ ಕೂಗಿದ: "ನೂರಾ ಎರಡು ಸಿಸಿ!" ನಕಲು ಮಾಡುವಾಗ ಅವನ ದಶಮಾಂಶದ ಚುಕ್ಕೆ ಎಲ್ಲೋ ಉದುರಿಹೋಗಿತ್ತು. ಐವತ್ತು ಸಿಸಿಯ ಬ್ಯೂರೆಟ್ಟಿನ ಬಾಯಿಂದ ನೇರಳೆ ಕಾರಂಜಿ ಚಿಮ್ಮಿ ತೊಲೆಗೆ ಬಡಿಯಿತು. ಪ್ರಿನ್ಸಿಪಾಲರ ಲೋಟ ಬರಿದಾಯಿತು. ಕೊಠಡಿಯ ತುಂಬ ಕಾಫಿಯ ಘಮಘಮ!

"ಚುಕ್ಕೆ ಎಲ್ಲೋ?" ಎಂದು ಮೇಡಂ ಗುಡುಗಿದರು.

ಗಾಬರಿಯಲ್ಲಿ ಪಕ್ಕದ ತಿಮ್ಮರಾಜು ತನ್ನದನ್ನು ಒದರಿಬಿಟ್ಟ: "ಹತ್ತು ಪಾಯಿಂಟ್ ಎರಡು!"

ಹತ್ತು ಪಾಯಿಂಟ್ ಎರಡು. ಏನು? ಏಕಮಾನವೇ ಇಲ್ಲ! ಯಂತ್ರದ ಚಕ್ರ ದಿಕ್ಕುಗೆಟ್ಟು ಗಿರಗಿರನೆ ಸುತ್ತಿ, ತನಗೆ ತೋಚಿದಂತೆ 'ಮೀಟರ್' ಎಂಬಲ್ಲಿ ನಿಂತಿತು. ತಿಮ್ಮರಾಜುವಿನ ಬ್ಯೂರೆಟ್ಟು ಬಿದಿರಿನಂತೆ ದಪ್ಪವಾಗುತ್ತ ಬೆಳೆಯಿತು. ತೊಲೆ ದಾಟಿತು, ಹೆಂಚು ಒಡೆಯಿತು, ಆಕಾಶಕ್ಕೆ ಹೋಯಿತು. ಮೇಲೆ ಕುಳಿತಿದ್ದ ಕಾಗೆಯೊಂದು ತನ್ನ ಜನ್ಮದಲ್ಲೇ ಕೂಗದ ರಾಗದಲ್ಲಿ ಕೂಗಿತು.

"ಅಯ್ಯೋ, ನನ್ನ ಹೊಟ್ಟೆ!" ಎಂದರು ಗುರುಬಸಪ್ಪನವರು. ಆ ಮಹನೀಯರು ತಮ್ಮ ತೂಕವನ್ನು ಯಾರಿಗೂ ಹೇಳಿದವರಲ್ಲ. ಬ್ಯೂರೆಟ್ಟಿಗೆ ಬೇಕಾದ ಇಪ್ಪತ್ತೆರಡು ಕಿಲೋ ದ್ರವ್ಯ ನೇರವಾಗಿ ಅವರಿಂದಲೇ ಹೋಗಿತ್ತು! ಸಫಾರಿ ಅಂಗಿ ಜೋಳಿಗೆಯಾಯಿತು. ಒಂದು ಕೈಯಲ್ಲಿ ಪ್ಯಾಂಟು ಹಿಡಿದು ಅವರು ಅರಚಿದರು: "ಮಕ್ಕಳೇ, ನಿಲ್ಲಿಸಬೇಡಿ! ನಮಗೆ ಬೇಕಾದ್ದು ನೂರಕ್ಕೆ ನೂರು! ನೂರು!"

ಚಕ್ರ 'ಡಿಗ್ರಿ'ಗೆ ಬಂದು ನಿಂತಿತು. ಸೆಬಾಸ್ಟಿಯನ್ ಸರ್ ಕೈಯಲ್ಲಿದ್ದ ಮಜ್ಜಿಗೆ ಕೊತಕೊತನೆ ಕುದಿಯಿತು.

"ಇದು... ಪಠ್ಯಕ್ರಮದಲ್ಲಿ ಇದೆಯಾ?" ಎಂದರು ಅವರು, ಲೋಟವನ್ನು ಮೆಲ್ಲನೆ ಕೆಳಗಿಟ್ಟು.

ಆ ಗದ್ದಲದ ನಡುವೆ ಕಿಟಕಿಯ ಬಳಿಯಿಂದ ತಣ್ಣನೆಯ ದನಿಯೊಂದು ಕೇಳಿತು: "ಒಂಬತ್ತು ಪಾಯಿಂಟ್ ಏಳು ಸಿಸಿ." ತಬಸ್ಸುಮ್! ಹೊರಗೆ ಕಾಗೆ ಕೂಗಲಿ, ಒಳಗೆ ಮಜ್ಜಿಗೆ ಕುದಿಯಲಿ, ಆ ಹುಡುಗಿ ಹನಿಹನಿಯಾಗಿ ದ್ರಾವಣ ಬಿಟ್ಟು, ಕಣ್ಣನ್ನು ಗೆರೆಯ ನೇರಕ್ಕೆ ತಂದು, ಕಂಡದ್ದನ್ನು ಹೇಳಿದ್ದಳು.

ಯಂತ್ರ ಒಂದು ಕ್ಷಣ ಸುಮ್ಮನಾಯಿತು. ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ಮೂವತ್ತೊಂದು ವರ್ಷ ಗಮನಿಸುವುದನ್ನೇ ಕಲಿಸಿದವರು ಗಮನಿಸಿದರು. ಸತ್ಯ ಹೇಳಿದಾಗ ಅದಕ್ಕೆ ತಿದ್ದಲು ಏನೂ ಇರುವುದಿಲ್ಲ! ಆದರೆ ಒಂದು ಸಲ ಕಂಡದ್ದು ಬರಿಯ ಊಹೆ. ಮೇಡಂ ಸ್ಕೇಲು ಹಿಡಿದು ಮೇಜಿಗೆ ಒತ್ತಿದರು. "ಅಗಲ ಅರವತ್ತೊಂದು ಸೆಂಟಿಮೀಟರ್!" ಯಂತ್ರ ಕ್ಷೀಣವಾಗಿ ಬಿಕ್ಕಳಿಸಿತು. ಥರ್ಮಾಮೀಟರ್ ನೋಡಿದರು. "ಕೊಠಡಿಯ ಉಷ್ಣತೆ ಇಪ್ಪತ್ತೇಳು ಡಿಗ್ರಿ!" ಚಕ್ರ ನಿಧಾನವಾಯಿತು. ಮೂರು ಸಲ; ಮೂರೂ ಹೊಂದಿದವು!

"ಎಲ್ಲರೂ ರೀಡಿಂಗು ಹೊಡೆದುಹಾಕಿ! ಮೊದಲಿನಿಂದ ಮಾಡಿ. ಕಂಡದ್ದನ್ನೇ ಹೇಳಿ, ಏಕಮಾನ ಸೇರಿಸಿ ಹೇಳಿ!"

"ಮೇಡಂ, ಟೈಮ್ ಆಗುತ್ತೆ..." ಎಂದ ಲೋಹಿತ್.

"ಎಷ್ಟು ಟೈಮ್? ಅಳೆದು ಹೇಳು!"

ಲೋಹಿತ್ ನಲ್ಲಿ ತಿರುಗಿಸಿದ. ಆ ಲ್ಯಾಬಿನಲ್ಲಿ ಮೊದಲ ಬಾರಿಗೆ ಇಪ್ಪತ್ತೂ ಮಕ್ಕಳು ಉಸಿರು ಬಿಗಿಹಿಡಿದು ಹನಿಗಳನ್ನು ನೋಡಿದರು. ಒಂಬತ್ತು ಪಾಯಿಂಟ್ ಏಳು ಸಿಸಿ. ಒಂಬತ್ತು ಪಾಯಿಂಟ್ ಎಂಟು ಸಿಸಿ. ಒಂಬತ್ತು ಪಾಯಿಂಟ್ ಏಳು ಸಿಸಿ. ಅರವತ್ತು ಸತ್ಯಗಳನ್ನು ಕೇಳಿ ಕೇಳಿ ಕುಕ್ಕರ್ ತಣ್ಣಗಾಗಿ, ಚಕ್ರ ನಿಂತು, ಕೊಳವೆ ಬಾಡಿದ ಹೂವಿನಂತೆ ಜೋಲಿತು.

"ಮೇಡಂ," ಎಂದು ಗೋಗರೆದರು ಪ್ರಿನ್ಸಿಪಾಲರು, "ಅದು ಪೂರ್ತಿ ಸಾಯೋ ಮುಂಚೆ ನನ್ನ ತೂಕ ಎಂಬತ್ತಾರು ಕಿಲೋ ಅಂತ ನೀವು ಒಂದೇ ಒಂದು ಸಲ ಹೇಳಿಬಿಡಿ! ನಾನು ಹೇಳಿದ್ರೆ ಅದು ಕೇಳ್ತಾನೇ ಇಲ್ಲ! ಮನೇಲಿ ನನ್ನ ಗುರುತು ಹಿಡಿಯೋಲ್ಲ!"

"ಈಗ ನೀವು ಅರವತ್ನಾಲ್ಕು ಕಿಲೋ, ಸರ್. ನಾನು ಸುಳ್ಳು ಹೇಳೋಲ್ಲ." ಆಕಾಶಕ್ಕೆ ಚಾಚಿದ ಬ್ಯೂರೆಟ್ಟಿಗೂ ಮೇಡಂ ಅದೇ ನ್ಯಾಯ ಕೊಟ್ಟರು. ಅದಕ್ಕೆ 'ಉದ್ದ ೧೦.೨ ಮೀಟರ್' ಎಂದು ಚೀಟಿ ಅಂಟಿಸಿ, ತಿಮ್ಮರಾಜುವಿನಿಂದ 'ಮೀಟರ್' ಎಂಬ ಪದವನ್ನು ನೂರು ಸಲ ಬರೆಸಿದರು.

ಸೆಬಾಸ್ಟಿಯನ್ ಸರ್ ಎದ್ದು ನಿಂತು ಕೈಮುಗಿದರು. "ಇಪ್ಪತ್ತು ವರ್ಷದಲ್ಲಿ ಇಷ್ಟು ಶುದ್ಧವಾದ ರೀಡಿಂಗುಗಳನ್ನ ನಾನು ನೋಡಿಲ್ಲ, ಮೇಡಂ. ಈ ನಮೂನೆ ಒಂದು ಭರ್ತಿ ಮಾಡಿಬಿಡಿ. ಆಂತರಿಕ ಪರೀಕ್ಷಕರೇ ಸ್ವಂತ ಕೈಯಲ್ಲಿ ಬರೀಬೇಕಂತೆ, ಈ ವರ್ಷದಿಂದ."

ಮೇಡಂ ಅವರ ಕಣ್ಣು ತುಂಬಿತ್ತು. ಕೊನೆಯ ಪರೀಕ್ಷೆ ಕಳಂಕವಿಲ್ಲದೆ ದಾಟಿತ್ತು! ಅವರು ಪೆನ್ನು ತೆಗೆದು, ತಾವೇ ಮಾಡಿದ ನಿಯಮದಂತೆ, ಒಂದೊಂದನ್ನೂ ಮೊದಲು ಗಟ್ಟಿಯಾಗಿ ಓದಿ ಆಮೇಲೆ ಬರೆಯತೊಡಗಿದರು. "ಹೆಸರು, ಮಂದಾಕಿನಿ. ಹುದ್ದೆ, ಉಪನ್ಯಾಸಕಿ. ವಯಸ್ಸು, ದಾಖಲೆಯ ಪ್ರಕಾರ, ಐವತ್ತೊಂಬತ್ತು ವರ್ಷ ಎಂಟು ತಿಂಗಳು..."

ಬೀರುವಿನ ಹಿಂದೆ ಕುಕ್ಕರ್ ಧಿಗ್ಗನೆ ಎದ್ದು ಕುಳಿತಿತು!

ಕ್ಷಣಮಾತ್ರ. ಮೇಡಂ ಅವರ ಮುಂಗುರುಳಿನಲ್ಲಿ ನಾಲ್ಕು ಹೊಸ ಬಿಳಿಗೂದಲು ಮೂಡಿದವು. ಎಡ ಮೊಣಕಾಲು ಸಣ್ಣಗೆ ಕಟಕಟ ಎಂದಿತು. ಹೆಡ್‌ಮಾಸ್ತರರ ಹದಿನಾಲ್ಕು ತಿಂಗಳು ಕೊನೆಗೂ ನಿಜವಾಗಿತ್ತು. ಮೂವತ್ತೊಂದು ವರ್ಷದ ಬಿಗಿ ಒಂದೇ ಮಾತಿಗೆ ಸಡಿಲಿತ್ತು, ಅದೂ ಇಪ್ಪತ್ತು ಮಕ್ಕಳ ಮುಂದೆ! ಅವರು ಕುರ್ಚಿಯಲ್ಲಿ ಕುಸಿದರು. ಆದರೆ ಕುಸಿಯುತ್ತಲೇ ಅವರಿಗೆ ಹೊಳೆದದ್ದು ಹಳೆಯ ಪ್ರಶ್ನೆಯೇ: ಬಂದ ಹದಿನಾಲ್ಕು ತಿಂಗಳು ಎಲ್ಲಿಂದ ಬಂತು?

"ಮಂದಾ!" ಎಂದು ಹಿಗ್ಗಿನಿಂದ ಕೂಗಿದರು ನರಹರಿ ರಾಯರು, ಹತ್ತಿರದಲ್ಲೇ ನಿಂತವರು. "ಹೋದ ವರ್ಷ ಕೀಳಿಸಿದ ಹಲ್ಲು ವಾಪಸ್ ಬಂದಿದೆ! ಮೀಸೆ ನೋಡು, ಕಪ್ಪು! ಒಂದು ವರ್ಷ ಚಿಕ್ಕವನಾಗಿಬಿಟ್ಟೆ ಕಣೆ!"

"ಒಂದು ವರ್ಷ ಎರಡು ತಿಂಗಳು. ಸರಿಯಾಗಿ ಹೇಳಿ," ಎಂದರು ಮೇಡಂ. ನಮೂನೆಯಲ್ಲಿ ವಯಸ್ಸಿನ ಮುಂದೆ 'ಇಂದಿನಿಂದ ನಿಜ' ಎಂದು ಬರೆದು, ಕೆಳಗೆ ಗೆರೆ ಎಳೆದು ಸಹಿ ಹಾಕಿದರು. ಆಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿದರು. "ನಿಮ್ಮ ಅರವತ್ತು ವರ್ಷ ಹತ್ತು ತಿಂಗಳಲ್ಲಿ ಹದಿನಾಲ್ಕು ತಿಂಗಳು ಕಳೆದ್ರೆ ಐವತ್ತೊಂಬತ್ತು ವರ್ಷ ಎಂಟು ತಿಂಗಳು. ಅಂದ್ರೆ ನಿಮಗೆ ಇನ್ನೂ ಅರವತ್ತು ತುಂಬಿಲ್ಲ."

"ಹೌದೌದು!" ಎಂದು ರಾಯರು ಮೀಸೆ ತಿರುವಿದರು.

"ಅರವತ್ತು ತುಂಬದೆ ನಿವೃತ್ತಿ ಅಂತ ಮನೇಲಿ ಕೂತಿರೋದು ಸುಳ್ಳಾಗುತ್ತೆ. ನಾಲ್ಕು ತಿಂಗಳ ಕೆಲಸ ಬಾಕಿ ಇದೆ. ಸೋಮವಾರ ಕಚೇರಿಗೆ ಹೊರಡಿ. ಟಿಫನ್ ಡಬ್ಬಿ ನಾನು ತೂಗಿ ಕಟ್ಟಿಕೊಡ್ತೀನಿ."